ಮೊಗ್ಗಿನ ಹದ ತಿಳಿದರೆ ಮಿಯಾಸಿಸ್ ಕಣ್ಣಿಗೆ ಬೀಳುತ್ತದೆ

ಮಿಯಾಸಿಸ್ ಎಂದರೆ ವರ್ಣತಂತುಗಳ, ಅಂದರೆ ಕೋಶದೊಳಗೆ ಅನುವಂಶಿಕ ಗುಣಗಳನ್ನು ಹೊತ್ತ ಎಳೆಗಳ, ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವ ಕೋಶವಿಭಜನೆ. ಪ್ರಾಕ್ಟಿಕಲ್ ತರಗತಿಯ ಮೊದಲ ದಿನ ನಾನು ಮಕ್ಕಳನ್ನು ಕೇಳುವುದು ಇಷ್ಟೇ: "ಮಿಯಾಸಿಸ್ ನೋಡಬೇಕು, ಗಿಡದಿಂದ ಏನನ್ನು ಕಿತ್ತು ತರುತ್ತೀರಿ?" ಒಂದಿಬ್ಬರು ಬೇರಿನ ತುದಿ ಎನ್ನುತ್ತಾರೆ, ಹೆಚ್ಚಿನವರು ಹೂವು ಎನ್ನುತ್ತಾರೆ. ಬೇರಿನ ತುದಿಯಲ್ಲಿ ಸಿಗುವುದು ಮೈಟಾಸಿಸ್, ಅಂದರೆ ಆ ಸಂಖ್ಯೆ ಇಳಿಯದ ಸಾಮಾನ್ಯ ಕೋಶವಿಭಜನೆ ಮಾತ್ರ, ಎಷ್ಟು ಹುಡುಕಿದರೂ ಬೇರೆಯದು ಸಿಗುವುದಿಲ್ಲ. ಹೂವು ಎಂಬ ಉತ್ತರ ಅರ್ಧ ಸರಿ. ಅರಳಿದ ಹೂವಿನಲ್ಲಿ ಪರಾಗ ಇರುತ್ತದೆ, ಆದರೆ ಆ ಪರಾಗವನ್ನು ಕೊಟ್ಟ ಮಿಯಾಸಿಸ್ ಮುಗಿದು ದಿನಗಳೇ ಆಗಿರುತ್ತವೆ.

ಪದವಿ ಓದುವಾಗ ನಾನೂ ಅದೇ ಉತ್ತರ ನಂಬಿ ಒಂದು ವಾರ ಹೂವುಗಳನ್ನೇ ಜಜ್ಜಿದ್ದೆ. ಹಂತಗಳ ಹೆಸರು ಬಾಯಿಪಾಠವಾಗಿತ್ತು, ಚಿತ್ರ ಕಣ್ಣುಮುಚ್ಚಿ ಬರೆಯುತ್ತಿದ್ದೆ. ಸ್ಲೈಡಿನ ತುಂಬ ಮಾತ್ರ ಹಳದಿ ಪರಾಗ, ಮತ್ತೆ ಪರಾಗ. ಕಡೆಗೆ ಪ್ರಯೋಗಾಲಯದ ಹಿರಿಯ ಸಹಾಯಕರು ನನ್ನ ತಟ್ಟೆಯನ್ನು ನೋಡಿ, "ಹೂವು ಬಿಡಮ್ಮ, ಮೊಗ್ಗು ತಗೋ. ಅದರಲ್ಲೂ ಎಳಸು" ಎಂದರು. ಮಿಯಾಸಿಸ್ ಅಂದರೆ ಇಂಥ ಕೋಶದಲ್ಲಿ, ಇಂಥ ಹದದಲ್ಲಿ ಮಾತ್ರ ನಡೆಯುವ ಕೆಲಸ ಎಂದು ನನಗೆ ಅರ್ಥವಾದದ್ದು ಅವತ್ತು. ಆದ್ದರಿಂದ ನಾನು ಹಂತಗಳಿಂದ ಶುರುಮಾಡುವುದಿಲ್ಲ, ಕೋಶದಿಂದ ಶುರುಮಾಡುತ್ತೇನೆ.

ಮೊದಲು ಕೋಶವನ್ನು ಗುರುತಿಸಿಕೊಳ್ಳಿ

ಚರ್ಮ, ಯಕೃತ್ತು, ಎಲೆ, ಬೇರು, ಇವೆಲ್ಲ ಬೆಳೆಯುವುದೂ ಸವೆದದ್ದನ್ನು ತುಂಬಿಕೊಳ್ಳುವುದೂ ಮೈಟಾಸಿಸ್‌ನಿಂದ. ಮಿಯಾಸಿಸ್ ಪ್ರಾಣಿಗಳಲ್ಲಿ ನಡೆಯುವುದು ವೃಷಣ ಮತ್ತು ಅಂಡಾಶಯದಲ್ಲಿ. ಅಲ್ಲಿಯೂ ಎಲ್ಲ ಕೋಶಗಳಲ್ಲಿ ಅಲ್ಲ. ವೃಷಣದೊಳಗಿನ ರಕ್ತನಾಳದ ಕೋಶವಾಗಲಿ, ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶವಾಗಲಿ, ಹಾರ್ಮೋನು ತಯಾರಿಸುವ ಲೇಡಿಗ್ ಕೋಶವಾಗಲಿ ಮಿಯಾಸಿಸ್‌ಗೆ ಇಳಿಯುವುದೇ ಇಲ್ಲ. ಆ ಹಕ್ಕು ಇರುವುದು ಲಿಂಗಾಣುಗಳನ್ನು, ಅಂದರೆ ವೀರ್ಯಾಣು ಇಲ್ಲವೇ ಅಂಡಾಣುವನ್ನು, ಹುಟ್ಟಿಸುವ ಕೋಶಗಳ ಒಂದು ವಂಶಕ್ಕೆ ಮಾತ್ರ. ಮನುಷ್ಯನ ಭ್ರೂಣಕ್ಕೆ ಸುಮಾರು ನಾಲ್ಕು ವಾರವಾಗುವ ಹೊತ್ತಿಗೆ ಈ ವಂಶದ ಮೂಲಕೋಶಗಳು ಭ್ರೂಣದ ಹೊರಗಿನ ಹಳದಿಚೀಲದ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತವೆ. ಆಮೇಲೆ ಅಲ್ಲಿಂದ ಹೊರಟು, ವೃಷಣವೋ ಅಂಡಾಶಯವೋ ಆಗಲಿರುವ ಜಾಗಕ್ಕೆ ಬಂದು ಸೇರುತ್ತವೆ. ನನಗಂತೂ ಈ ಪಯಣ ಪ್ರತಿ ವರ್ಷ ಹೇಳುವಾಗಲೂ ಹೊಸದೆನಿಸುತ್ತದೆ.

ಗಿಡದಲ್ಲಿ ಹೀಗೆ ಮೊದಲೇ ಬೇರ್ಪಟ್ಟ ವಂಶವಿಲ್ಲ. ನಿನ್ನೆಯವರೆಗೆ ಎಲೆ ಹುಟ್ಟಿಸುತ್ತಿದ್ದ ಕುಡಿಯೇ ಹೂವಿನ ಕಡೆ ತಿರುಗುತ್ತದೆ. ಆ ಹೂವಿನ ಪರಾಗಕೋಶದೊಳಗೆ ಕೆಲವು ಕೋಶಗಳು ದಪ್ಪಗಾಗಿ ಪರಾಗ ಮಾತೃಕೋಶಗಳಾಗುತ್ತವೆ, ಮುಂದೆ ಬೀಜವಾಗುವ ಅಂಡಕದೊಳಗೆ ಸಾಮಾನ್ಯವಾಗಿ ಒಂದೇ ಒಂದು ಕೋಶ ಮಾತೃಕೋಶವಾಗುತ್ತದೆ. ಮಿಯಾಸಿಸ್ ಆಗುವುದು ಇವುಗಳಲ್ಲಿ. ಇಲ್ಲಿ ನಮ್ಮ ಭಾಷೆಯೇ ತಂದಿಟ್ಟಿರುವ ಒಂದು ತೊಡಕಿದೆ: ಪರಾಗಕೋಶ ಎಂಬ ಹೆಸರಿನಲ್ಲಿ ಕೋಶ ಇದ್ದರೂ ಅದು ಒಂದು ಜೀವಕೋಶವಲ್ಲ. ಅದು ಕೇಸರದ ತುದಿಯಲ್ಲಿರುವ ಚೀಲ, ಅದರೊಳಗೆ ಸಾವಿರಾರು ಜೀವಕೋಶಗಳಿರುತ್ತವೆ. "ಪರಾಗಕೋಶ ಮಿಯಾಸಿಸ್‌ಗೆ ಒಳಗಾಗುತ್ತದೆ" ಎಂದು ಉತ್ತರಪತ್ರಿಕೆಯಲ್ಲಿ ಬರೆದವರಿಗೆ ನಾನು ಅಂಕ ಕಳೆಯುವ ಮೊದಲು ಈ ಮಾತು ಹೇಳುತ್ತೇನೆ.

ಇನ್ನೊಂದು ತಪ್ಪು ಇದಕ್ಕಿಂತ ಆಳದ್ದು: "ಲಿಂಗಾಣುಗಳು ಮಿಯಾಸಿಸ್ ಹೊಂದುತ್ತವೆ" ಎನ್ನುವುದು. ಇಲ್ಲ. ಪ್ರಾಣಿಗಳಲ್ಲಿ ಲಿಂಗಾಣು ಮಿಯಾಸಿಸ್‌ನ ಫಲ. ವರ್ಣತಂತುಗಳು ಜೋಡಿಯಾಗಿರುವ ಕೋಶ ಮಾತ್ರ ಅವನ್ನು ಅರ್ಧಕ್ಕೆ ಇಳಿಸಬಲ್ಲದು, ಲಿಂಗಾಣುವಿನಲ್ಲಿ ಜೋಡಿಯೇ ಉಳಿದಿರುವುದಿಲ್ಲ. ಗಂಡು ಜೇನುನೊಣವನ್ನೇ ನೋಡಿ. ಅದು ಹುಟ್ಟುವುದು ಗಂಡಿನ ವೀರ್ಯಾಣು ಸೇರದ ಮೊಟ್ಟೆಯಿಂದ. ರಾಣಿಯಲ್ಲಿ 32 ವರ್ಣತಂತುಗಳಿದ್ದರೆ ಗಂಡಿನಲ್ಲಿ 16 ಮಾತ್ರ. ಅರ್ಧ ಮಾಡಲು ಜೋಡಿಯಿಲ್ಲದ್ದರಿಂದ ಅದರ ವೀರ್ಯಾಣುಗಳು ಸಂಖ್ಯೆ ಇಳಿಯದೆಯೇ ತಯಾರಾಗುತ್ತವೆ. ಜರೀಗಿಡದಲ್ಲಿ ಎಲೆಯ ಅಡಿಯ ಕಂದು ಚುಕ್ಕೆಗಳೊಳಗೆ ಮಿಯಾಸಿಸ್ ನಡೆದು ಹುಟ್ಟುವುದು ಬೀಜಕಣ, ಲಿಂಗಾಣುವಲ್ಲ. ಆ ಬೀಜಕಣ ಮೊಳೆತು ಬೆಳೆದ ಪುಟ್ಟ ಹಸಿರು ಹಾಳೆ ಬರಿಯ ಮೈಟಾಸಿಸ್‌ನಿಂದ ಲಿಂಗಾಣುಗಳನ್ನು ಮಾಡುತ್ತದೆ. ಕ್ಲಮೈಡೊಮೊನಾಸ್‌ನಂಥ ಪಾಚಿಯಲ್ಲಿ ಮಿಯಾಸಿಸ್ ಆಗುವುದು ಎರಡು ಲಿಂಗಾಣು ಕೂಡಿ ಆದ ಯುಗ್ಮಜದಲ್ಲೇ. ಹಾಗಾಗಿ "ಯಾವ ಕೋಶ?" ಎಂದು ಯಾರಾದರೂ ಕೇಳಿದರೆ "ಯಾವ ಜೀವಿ?" ಎಂದು ತಿರುಗಿ ಕೇಳುವುದು ನ್ಯಾಯ.

ಮೊಗ್ಗು ಆರಿಸುವುದು

ಕಲಿಯಲು ಈರುಳ್ಳಿಯೇ ಮೇಲು. ಅದರಲ್ಲಿ 16 ವರ್ಣತಂತುಗಳು, ಅಂದರೆ 8 ಜೋಡಿ, ಮತ್ತು ಪ್ರತಿಯೊಂದೂ ದೊಡ್ಡದು. ಮಿಡತೆಯ ವೃಷಣವೂ ಚೆನ್ನಾಗಿ ತೋರಿಸುತ್ತದೆ, ಆದರೆ ಮೊಗ್ಗಿನಲ್ಲಿ ಕೆಲಸ ಆಗುವಾಗ ಜೀವ ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಈರುಳ್ಳಿಯ ಹೂದಂಟಿನ ತುದಿಯಲ್ಲಿ ತೆಳುಪೊರೆ ಹೊದ್ದ ಚೆಂಡು ಇರುತ್ತದೆ. ಆ ಪೊರೆ ಇನ್ನೇನು ಬಿರಿಯಲಿದೆ ಅಥವಾ ಈಗಷ್ಟೇ ಬಿರಿದಿದೆ ಎನ್ನುವಾಗ ಬೆಳಗಿನ ಹೊತ್ತು ಕತ್ತರಿಸಿ. ಒಳಗೆ ನೂರಾರು ಮೊಗ್ಗುಗಳಿದ್ದು ಎಲ್ಲವೂ ಒಂದೇ ವಯಸ್ಸಿನವಲ್ಲ, ಇದೇ ನಮಗೆ ಅನುಕೂಲ. ಎರಡರಿಂದ ನಾಲ್ಕು ಮಿಲಿಮೀಟರ್ ಉದ್ದದ ಮೊಗ್ಗುಗಳನ್ನು ಅಳತೆಗೆ ತಕ್ಕಂತೆ ಬೇರೆಬೇರೆ ಗುಂಪು ಮಾಡಿ. ತಳಿಯಿಂದ ತಳಿಗೆ ಅಳತೆ ಸ್ವಲ್ಪ ಆಚೀಚೆ ಆಗುತ್ತದೆ, ಆದ್ದರಿಂದ ಕಡೆಯ ತೀರ್ಪು ಪರಾಗಕೋಶದ ಬಣ್ಣದ್ದು. ಒಂದು ಮೊಗ್ಗನ್ನು ಸೂಜಿಯಿಂದ ಬಿಡಿಸಿ ನೋಡಿ. ಹಳದಿ ಬಂದಿದ್ದರೆ ಹೊತ್ತು ಮೀರಿದೆ. ನೀರುಬಣ್ಣಕ್ಕೂ ತೆಳುಹಸಿರಿಗೂ ನಡುವೆ, ಬೆಳಕು ಅರ್ಧ ಹಾಯುವಂತಿದ್ದರೆ ಹದ.

ಆರಿಸಿದ ಮೊಗ್ಗುಗಳನ್ನು ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಒಂದು ಇಡೀ ದಿನ ಬಿಡಿ. ದ್ರಾವಣ ಅವತ್ತೇ ಬೆರೆಸಿದ್ದಾಗಿರಲಿ. ಇದು ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುತ್ತದೆ. ಮರುದಿನ ಶೇಕಡ 70ರ ಆಲ್ಕೋಹಾಲಿಗೆ ಬದಲಾಯಿಸಿ ತಂಪಿನಲ್ಲಿಟ್ಟರೆ ವಾರಗಟ್ಟಲೆ ಬಳಸಬಹುದು. ಗ್ಲೇಸಿಯಲ್ ಆಮ್ಲ ಚರ್ಮ ಸುಡುತ್ತದೆ, ಅದರ ಆವಿ ಮೂಗಿಗೂ ಕಣ್ಣಿಗೂ ಒಳ್ಳೆಯದಲ್ಲ. ಕೈಗವಸು, ಕನ್ನಡಕ ಹಾಕಿಕೊಂಡು, ಕಿಟಕಿ ತೆರೆದೇ ಬೆರೆಸಿ. ಆಲ್ಕೋಹಾಲಿನ ಬಾಟಲಿಯನ್ನು ಸ್ಪಿರಿಟ್ ದೀಪದ ಹತ್ತಿರಕ್ಕೂ ತರಬೇಡಿ.

ಸ್ಲೈಡ್ ಮಾಡುವುದು

ಒಂದು ಮೊಗ್ಗಿನಿಂದ ಒಂದೇ ಒಂದು ಪರಾಗಕೋಶ ತೆಗೆಯಿರಿ. ಮಕ್ಕಳು ಆತುರಕ್ಕೆ ಆರನ್ನೂ ಹಾಕಿಬಿಡುತ್ತಾರೆ, ಆಮೇಲೆ ಕೋಶಗಳು ಒಂದರ ಮೇಲೊಂದು ರಾಶಿಬಿದ್ದು ಏನೂ ಕಾಣುವುದಿಲ್ಲ. ಒಂದೇ ಪರಾಗಕೋಶದ ಮಾತೃಕೋಶಗಳು ಒಂದಕ್ಕೊಂದು ಸಣ್ಣ ದಾರಿಗಳಿಂದ ಬೆಸೆದುಕೊಂಡಿರುವುದರಿಂದ ಹೆಚ್ಚುಕಡಿಮೆ ಒಟ್ಟಿಗೇ ಹೆಜ್ಜೆ ಹಾಕುತ್ತವೆ. ಹಾಗಾಗಿ ಒಂದನ್ನು ನೋಡಿದರೆ ಆ ಮೊಗ್ಗು ಯಾವ ಹಂತದಲ್ಲಿದೆ ಎಂದು ತಿಳಿದುಹೋಗುತ್ತದೆ. ಇನ್ನೂ ಎಳಸು ಎನಿಸಿದರೆ ಸ್ವಲ್ಪ ದೊಡ್ಡ ಮೊಗ್ಗಿಗೆ ಹೋಗಿ, ಬಲಿತಿದ್ದರೆ ಚಿಕ್ಕದಕ್ಕೆ ಬನ್ನಿ.

ಪರಾಗಕೋಶದ ಮೇಲೆ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣದ ಒಂದು ಹನಿ ಬಿಟ್ಟು, ಕಬ್ಬಿಣದ ಸೂಜಿಯಿಂದ ನಡುವೆ ಸೀಳಿ ಒಳಗಿನದನ್ನು ಹಿಂಡಿ. ಸೂಜಿ ಕಬ್ಬಿಣದ್ದೇ ಆಗಲಿ ಎನ್ನುವುದಕ್ಕೆ ಕಾರಣ ಇದೆ: ಬಣ್ಣಕ್ಕೆ ಕಬ್ಬಿಣದ ಅಂಶ ಒಂದಿಷ್ಟು ಸೇರಿದರೆ ವರ್ಣತಂತುಗಳು ಇನ್ನೂ ಗಾಢವಾಗಿ ಕೆಂಪೇರುತ್ತವೆ. ಸೂಜಿಯ ತುದಿಯಿಂದ ಒಳಗಿನ ಪುಡಿ ಮೋಡದಂತೆ ಹನಿಯಲ್ಲಿ ಹರಡುವುದು ಬರಿಗಣ್ಣಿಗೇ ಕಾಣಿಸಬೇಕು. ಆ ಮೋಡವೇ ಮಾತೃಕೋಶಗಳು. ಚೀಲದ ಸಿಪ್ಪೆಯನ್ನು ಒಂದು ಚೂರೂ ಬಿಡದೆ ಆಯ್ದು ತೆಗೆಯಿರಿ. ಒಂದು ತುಣುಕು ಉಳಿದರೂ ಕವರ್‌ಸ್ಲಿಪ್ ಎತ್ತರಕ್ಕೆ ನಿಂತು ಕೋಶಗಳು ಚಪ್ಪಟೆಯಾಗುವುದಿಲ್ಲ. ನಾನು ನೋಡಿರುವ ಕೆಟ್ಟ ಸ್ಲೈಡುಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಇದೊಂದರಿಂದಲೇ.

ಎರಡು ಮೂರು ನಿಮಿಷ ಬಿಟ್ಟು ಕವರ್‌ಸ್ಲಿಪ್ ಹಾಕಿ, ದೀಪದ ಮೇಲೆ ಸ್ಲೈಡನ್ನು ನಾಲ್ಕೈದು ಸಲ ಹಾಯಿಸಿ. ಕೈಯ ಹಿಂಬದಿಗೆ ಮುಟ್ಟಿಸಿದರೆ ಬೆಚ್ಚಗಿರಬೇಕು, ಕುದಿಯಬಾರದು. ಒತ್ತುಹಾಳೆಯ ಮಡಿಕೆಯೊಳಗಿಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಕವರ್‌ಸ್ಲಿಪ್ ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಕೋಶಗಳು ಹೊಸೆದುಹೋಗುತ್ತವೆ.

ನೋಡುವುದು

ಹತ್ತರ ಮಸೂರದಲ್ಲಿ ಮೊದಲು ಇಡೀ ಸ್ಲೈಡ್ ಅಡ್ಡಾಡಿ. ದುಂಡಗೆ, ಒಂದರಿಂದ ಒಂದು ಬಿಡಿಯಾಗಿ, ದೊಡ್ಡ ಕೋಶಕೇಂದ್ರವಿರುವವು ಮಾತೃಕೋಶಗಳು. ಪಕ್ಕದಲ್ಲಿ ಚೌಕಟ್ಟಾದ, ಕೆಲವೊಮ್ಮೆ ಎರಡು ಕೇಂದ್ರಗಳಿರುವ ಕೋಶಗಳೂ ಕಂಡಾವು. ಅವು ಟಪೀಟಮ್, ಮಾತೃಕೋಶಗಳಿಗೆ ಉಣಿಸುವ ಪದರ. ಎರಡು ಕೇಂದ್ರ ಕಂಡಕೂಡಲೇ "ಮಿಯಾಸಿಸ್ ಸಿಕ್ಕಿತು" ಎಂದು ಕೂಗುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಅದು ಮಿಯಾಸಿಸ್ ಅಲ್ಲ.

ಈಗ ನಲವತ್ತರ ಮಸೂರಕ್ಕೆ ಬನ್ನಿ. ಮಿಯಾಸಿಸ್‌ನಲ್ಲಿ ಒಂದಾದ ಮೇಲೊಂದು ಎರಡು ವಿಭಜನೆಗಳಿವೆ. ಹೆಚ್ಚಾಗಿ ಸಿಗುವುದು ಮೊದಲನೆಯದರ ಆರಂಭದ ಹಂತವಾದ ಮೊದಲ ಪ್ರೊಫೇಸ್, ಏಕೆಂದರೆ ಮಿಯಾಸಿಸ್ ತನ್ನ ಕಾಲದ ಬಹುಪಾಲನ್ನು ಅಲ್ಲೇ ಕಳೆಯುತ್ತದೆ. ಮೊದಮೊದಲು ದಾರದುಂಡೆ ಬಿಚ್ಚಿಟ್ಟಂತೆ ಸಣ್ಣ ಎಳೆಗಳು, ಸ್ವಲ್ಪ ಮುಂದೆ ಎಳೆಗಳು ದಪ್ಪ. ದಪ್ಪವಾದದ್ದು ಒಂದೊಂದೂ ಕುಗ್ಗಿದ್ದರಿಂದ ಮಾತ್ರವಲ್ಲ, ತಾಯಿಯ ಕಡೆಯದೂ ತಂದೆಯ ಕಡೆಯದೂ ಉದ್ದಕ್ಕೂ ಅಕ್ಕಪಕ್ಕ ಹೊಂದಿಕೊಂಡದ್ದರಿಂದ. ಮೈಟಾಸಿಸ್‌ನಲ್ಲಿ ಇಂಥ ಕೂಡಿಕೆಯಿಲ್ಲ. ನಿಮ್ಮೆದುರಿಗಿರುವುದು ಮಿಯಾಸಿಸ್ ಎನ್ನಲು ಇದೇ ಗಟ್ಟಿ ಗುರುತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆ ಪ್ರೊಫೇಸ್‌ನ ಕಡೆಯ ಘಟ್ಟವಾದ ಡಯಾಕೈನೆಸಿಸ್. ಎಳೆಗಳೆಲ್ಲ ಗಿಡ್ಡಗಾಗಿ, ಗಾಢ ಕೆಂಪಿನ ಎಂಟು ತುಣುಕುಗಳು ಕೋಶದೊಳಗೆ ದೂರದೂರ ಚದುರಿ ನಿಂತಿರುತ್ತವೆ. ಎಣಿಸಿದ ಮಕ್ಕಳು ತಲೆಯೆತ್ತಿ, "ಮೇಡಂ, ಹದಿನಾರು ಇರಬೇಕಲ್ಲ? ಆಗಲೇ ಅರ್ಧ ಆಗಿದೆಯಾ?" ಎನ್ನುತ್ತಾರೆ. ಈ ಪ್ರಶ್ನೆ ಬರಲಿ ಎಂದೇ ನಾನು ಕಾಯುತ್ತಿರುತ್ತೇನೆ. ಅರ್ಧ ಆಗಿಲ್ಲ. ಒಂದೊಂದು ತುಣುಕೂ ಒಂದು ಜೋಡಿ. ಎಂಟು ಜೋಡಿ ಎಂದರೆ ಹದಿನಾರು ವರ್ಣತಂತು, ಪ್ರತಿಯೊಂದೂ ಮೊದಲೇ ತನ್ನ ನಕಲು ಮಾಡಿಕೊಂಡಿರುವುದರಿಂದ ಮೂವತ್ತೆರಡು ಕ್ರೊಮ್ಯಾಟಿಡ್, ಅಂದರೆ ನಕಲಾದ ವರ್ಣತಂತುವಿನ ಒಂದೊಂದು ಎಳೆ. ನೂರರ ಎಣ್ಣೆಮಸೂರ ಇದ್ದರೆ ಒಂದೇ ತುಣುಕನ್ನು ಹಿಡಿದು ಸಾವಕಾಶವಾಗಿ ನೋಡಿ. ಒಂದು ಉಂಗುರದಂತಿರುತ್ತದೆ, ಇನ್ನೊಂದು ಶಿಲುಬೆಯಂತೆ, ಮತ್ತೊಂದು ತುದಿಯಲ್ಲಿ ಮಾತ್ರ ಅಂಟಿಕೊಂಡ ಕಡ್ಡಿಯಂತೆ. ಎರಡು ಕಡೆ ಗಂಟಿದ್ದರೆ ಉಂಗುರ, ಒಂದೇ ಗಂಟಿದ್ದರೆ ಕಡ್ಡಿ ಅಥವಾ ಶಿಲುಬೆ. ಆ ಗಂಟುಗಳ ಹೆಸರೇ ಕಯಾಸ್ಮ.

ಗಂಟಿನ ಜಾಗದಲ್ಲಿ ಎರಡು ವರ್ಣತಂತುಗಳು ತುಂಡಾಗಿ, ಅದರದ್ದು ಇದಕ್ಕೆ ಇದರದ್ದು ಅದಕ್ಕೆ ಕೂಡಿಕೊಂಡಿರುತ್ತವೆ. 1909ರಲ್ಲಿ ಬೆಲ್ಜಿಯಂನ ಯಾನ್ಸೆನ್ಸ್ ಇಂಥ ಗಂಟುಗಳನ್ನು ನೋಡಿಯೇ ತುಂಡುಗಳ ವಿನಿಮಯವನ್ನು ಊಹಿಸಿದರು. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದ ವರ್ಣತಂತುಗಳಲ್ಲಿ ಅದನ್ನು ತೋರಿಸಿಕೊಟ್ಟರು. ಗಂಟಿಗೆ ಇನ್ನೊಂದು ಕೆಲಸವೂ ಇದೆ, ಪುಸ್ತಕಗಳಲ್ಲಿ ಅದಕ್ಕೆ ಒಂದೇ ಸಾಲು ಸಿಗುವುದು ನನಗೆ ಬೇಸರ: ವರ್ಣತಂತುಗಳನ್ನು ಕೋಶದ ಎರಡು ತುದಿಗಳಿಗೆ ಎಳೆಯುವ ಕದಿರಿನ ಎಳೆಗಳು ಎರಡೂ ಕಡೆಯಿಂದ ಜಗ್ಗುವವರೆಗೆ ಜೋಡಿಯನ್ನು ಬಿಡದೆ ಹಿಡಿದಿರುವುದು. ಗಂಟು ಬೀಳದ ಜೋಡಿ ಮೊದಲೇ ಬಿಟ್ಟುಹೋಗಿ, ಎರಡೂ ಒಂದೇ ಕಡೆಗೆ ಸೇರಿಬಿಡುವ ಅಪಾಯವಿದೆ.

ಜೋಡಿಗಳು ಬೇರೆಯಾಗುವ ಹಂತವಾದ ಮೊದಲ ಅನಾಫೇಸ್ ಸಿಕ್ಕರೆ ಅದೃಷ್ಟ, ಅದು ಬೇಗ ಮುಗಿದುಹೋಗುತ್ತದೆ. ಎಂಟು ಈ ಕಡೆ, ಎಂಟು ಆ ಕಡೆ. ನಿಜವಾಗಿ ಸಂಖ್ಯೆ ಅರ್ಧವಾಗುವ ಗಳಿಗೆ ಇದು. ಹದಿನಾರರಲ್ಲಿ ಯಾವುದೋ ಎಂಟಲ್ಲ, ಪ್ರತಿ ಜೋಡಿಯಿಂದ ತಪ್ಪದೆ ಒಂದೊಂದು. ಒಂದು ಜೋಡಿಯಲ್ಲಿ ತಾಯಿಯದು ಯಾವ ಕಡೆ ಹೋಯಿತು ಎನ್ನುವುದಕ್ಕೂ ಪಕ್ಕದ ಜೋಡಿಗೂ ಸಂಬಂಧವಿಲ್ಲ. ಹಾಗಾಗಿ ಎಂಟು ಜೋಡಿಗಳಿಂದ 256 ಬಗೆಯ ಕೂಡಿಕೆ ಸಾಧ್ಯ. ಮನುಷ್ಯನ 23 ಜೋಡಿಗಳಿಗೆ ಇದೇ ಲೆಕ್ಕ ಹಾಕಿದರೆ 83,88,608, ಗಂಟಿನಲ್ಲಿ ಆದ ವಿನಿಮಯವನ್ನು ಬಿಟ್ಟು. ಒಡಹುಟ್ಟಿದವರು ಒಬ್ಬರಂತೆ ಒಬ್ಬರಿಲ್ಲ ಎನ್ನುವುದರ ಬೇರು ಇಲ್ಲಿದೆ.

ಈರುಳ್ಳಿಯಲ್ಲಿ ಮೊದಲ ವಿಭಜನೆಯಾದ ಕೂಡಲೇ ನಡುವೆ ಗೋಡೆ ಬಂದು ಕೋಶ ಇಬ್ಭಾಗವಾಗುತ್ತದೆ. ಎರಡನೆಯ ವಿಭಜನೆ ಮೈಟಾಸಿಸ್‌ನಂತೆಯೇ, ಅಂಟಿಕೊಂಡಿದ್ದ ಕ್ರೊಮ್ಯಾಟಿಡ್‌ಗಳು ಬಿಡಿಯಾಗುತ್ತವೆ. ಕಡೆಗೆ ಒಂದೇ ಹೊದಿಕೆಯೊಳಗೆ ನಾಲ್ಕು ಕೋಶಗಳ ಗುಂಪು. ಹೊದಿಕೆ ಕರಗಿ ನಾಲ್ಕೂ ಬೇರೆಯಾದ ಮೇಲೆ, ಇನ್ನೊಂದು ಮೈಟಾಸಿಸ್ ಕಳೆದು, ಅವು ಪರಾಗವಾಗುತ್ತವೆ.

ಪ್ರಾಣಿಗಳ ಸ್ಲೈಡ್ ಓದುವುದು

ವೃಷಣದ ಸಿದ್ಧ ಸ್ಲೈಡ್ ಸಿಕ್ಕರೆ ಒಂದು ನಳಿಕೆಯ ಅಡ್ಡಕೊಯ್ತ ಆರಿಸಿ, ಹೊರಗಿನಿಂದ ಒಳಗೆ ಹೆಜ್ಜೆಹೆಜ್ಜೆಯಾಗಿ ಹೋಗಿ. ಅಂಚಿಗೆ ಒತ್ತಿ ಕೂತವು ಸ್ಪರ್ಮಟೊಗೋನಿಯ, ಇವು ಮೈಟಾಸಿಸ್‌ನಿಂದ ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳುವವು. ಅದರ ಒಳಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೇಂದ್ರದ, ದಾರ ತುಂಬಿದಂತಿರುವ ಕೋಶಗಳೇ ಪ್ರಾಥಮಿಕ ಸ್ಪರ್ಮಟೊಸೈಟ್, ಅಂದರೆ ಮಿಯಾಸಿಸ್ ನಡೆಸುತ್ತಿರುವವು. ಮೊದಲ ವಿಭಜನೆ ಮುಗಿಸಿದ ದ್ವಿತೀಯ ಸ್ಪರ್ಮಟೊಸೈಟ್ ಸಿಗಲಿಲ್ಲ ಎಂದು ಚಿಂತಿಸಬೇಡಿ, ಅವು ಬಹಳ ಹೊತ್ತು ಉಳಿಯುವುದಿಲ್ಲ. ಇನ್ನೂ ಒಳಗೆ ಸಣ್ಣ ದುಂಡು ಸ್ಪರ್ಮಟಿಡ್, ನಡುವೆ ಬಾಲದ ವೀರ್ಯಾಣುಗಳು. ಒಂದು ಪ್ರಾಥಮಿಕ ಕೋಶದಿಂದ ನಾಲ್ಕು ವೀರ್ಯಾಣು. ಇದು ಪ್ರೌಢಾವಸ್ಥೆಯಲ್ಲಿ ಶುರುವಾಗಿ ಮುಪ್ಪಿನವರೆಗೂ ನಡೆಯುತ್ತದೆ.

ಅಂಡಾಶಯದ ಸ್ಲೈಡ್ ಬೇರೆಯೇ ಕಥೆ. ಸಣ್ಣ ಕೋಶಗಳು ಸುತ್ತಿಕೊಂಡ ಗೂಡಾದ ಕೋಶಿಕೆಯ ನಡುವೆ ಕೂತ ದೊಡ್ಡ ಕೋಶ, ತಿಳಿಬಣ್ಣದ ಕೇಂದ್ರ. ಅದು ಸುಮ್ಮನೆ ಕೂತಿರುವಂತೆ ಕಾಣುತ್ತದೆ. ಆದರೆ ಅದು ಮಿಯಾಸಿಸ್ ಶುರುಮಾಡಿ ಮೊದಲ ಪ್ರೊಫೇಸ್‌ನಲ್ಲೇ ನಿಂತಿರುವ ಕೋಶ. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಆ ಕೆಲಸ ಶುರುವಾಗಿ ತಡೆದಿರುತ್ತದೆ. ಹುಟ್ಟುವಾಗ ಇಂಥವು ಹತ್ತರಿಂದ ಇಪ್ಪತ್ತು ಲಕ್ಷ, ಬಾಳಿನಲ್ಲಿ ಬಿಡುಗಡೆಯಾಗುವುದು ಸುಮಾರು 400. ಬಿಡುಗಡೆಗೆ ತುಸು ಮುಂಚೆ ಮೊದಲ ವಿಭಜನೆ ಮುಗಿದು, ಎರಡನೆಯದರಲ್ಲಿ ವರ್ಣತಂತುಗಳು ನಡುವೆ ಸಾಲುಗಟ್ಟುವ ಮೆಟಾಫೇಸ್‌ನಲ್ಲಿ ಮತ್ತೆ ನಿಲ್ಲುತ್ತದೆ. ವೀರ್ಯಾಣು ಒಳಹೊಕ್ಕರೆ ಮಾತ್ರ ಮುಂದಿನದು. ನಾಲ್ಕು ಪಾಲಿನಲ್ಲಿ ಒಂದೇ ಅಂಡಾಣುವಾಗಿ ಕೋಶರಸವೆಲ್ಲ ಅದಕ್ಕೇ ಉಳಿಯುತ್ತದೆ, ಮಿಕ್ಕದ್ದು ಸಣ್ಣ ಧ್ರುವಕಾಯಗಳಾಗಿ ಕಳಚಿಹೋಗುತ್ತದೆ. ಮೂವತ್ತೆಂಟರಲ್ಲಿ ತಾಯಿಯಾಗುವವರ ಅಂಡಾಣು ಮೂವತ್ತೆಂಟು ವರ್ಷಕ್ಕೂ ಮೀರಿ ಆ ಜೋಡಿಗಳನ್ನು ಹಿಡಿದುಕೊಂಡು ಕಾದಿರುತ್ತದೆ. ವಯಸ್ಸು ಏರಿದಂತೆ ಜೋಡಿ ಸರಿಯಾಗಿ ಬೇರೆಯಾಗದೆ 21ನೆಯ ವರ್ಣತಂತು ಮೂರಾಗುವ ಸಾಧ್ಯತೆ, ಅಂದರೆ ಡೌನ್ ಸಿಂಡ್ರೋಮ್, ಹೆಚ್ಚುವುದಕ್ಕೆ ಈ ದೀರ್ಘ ಕಾಯುವಿಕೆಯೇ ಮುಖ್ಯ ಕಾರಣ. ಇದನ್ನು ತರಗತಿಯಲ್ಲಿ ಹೇಳುವಾಗ ನಾನು ತಪ್ಪದೆ ಸೇರಿಸುತ್ತೇನೆ: ಯಾವ ತಾಯಿಯೂ ಏನೋ ಮಾಡಿದ್ದರಿಂದ ಆದದ್ದಲ್ಲ ಇದು.

ಅರ್ಧ ಏಕೆ ಆಗಲೇಬೇಕು ಎನ್ನುವವರಿಗೆ ಲೆಕ್ಕ ಸರಳ. 46ಕ್ಕೆ 46 ಸೇರಿದರೆ ಮಗುವಿಗೆ 92, ಮೊಮ್ಮಗುವಿಗೆ 184. 1883ರಲ್ಲಿ ಬೆಲ್ಜಿಯಂನ ಜೀವವಿಜ್ಞಾನಿ ಎಡ್ವರ್ಡ್ ವಾನ್ ಬೆನೆಡನ್ ಕುದುರೆಯ ಜಂತುಹುಳದಲ್ಲಿ ಅಂಡಾಣುವಿನಿಂದ ಎರಡು, ವೀರ್ಯಾಣುವಿನಿಂದ ಎರಡು ವರ್ಣತಂತು ಬಂದು ಯುಗ್ಮಜದಲ್ಲಿ ನಾಲ್ಕಾಗುವುದನ್ನು ಕಂಡಿದ್ದರು. ಮಿಯಾಸಿಸ್ ಎಂಬ ಹೆಸರು ಬಂದದ್ದು 1905ರಲ್ಲಿ, ಗ್ರೀಕ್‌ನಲ್ಲಿ ಅದರ ಅರ್ಥ ಕಡಿಮೆಯಾಗುವುದು. ಇನ್ನು ಜೋಡಿ ಹೊಂದದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಹೇಸರಗತ್ತೆ ಸಾಕು. ಕುದುರೆಯ 64ರಲ್ಲಿ ಅರ್ಧ 32, ಕತ್ತೆಯ 62ರಲ್ಲಿ ಅರ್ಧ 31, ಕೂಡಿ 63. ಮೈಟಾಸಿಸ್‌ಗೆ ಜೋಡಿ ಬೇಕಿಲ್ಲವಾದ್ದರಿಂದ ಹೇಸರಗತ್ತೆ ಗಟ್ಟಿಮುಟ್ಟಾಗಿ ಬೆಳೆಯುತ್ತದೆ. ಲಿಂಗಾಣು ಮಾಡುವ ಹೊತ್ತಿಗೆ ಜೋಡಿ ಕೂಡಿಬರದೆ ಕೆಲಸ ಕೆಡುತ್ತದೆ, ಹಾಗಾಗಿ ಅದಕ್ಕೆ ಮರಿಯಾಗುವುದು ಅತಿ ಅಪರೂಪ.

ನೀವು ಮಾಡಿದ ಸ್ಲೈಡ್ ಒಣಗದಿರಲು ಕವರ್‌ಸ್ಲಿಪ್ಪಿನ ಅಂಚಿಗೆ ಉಗುರುಬಣ್ಣ ಬಳಿಯಿರಿ, ಕೆಲವು ದಿನ ನಿಲ್ಲುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಚಿತ್ರದ ಕೆಳಗೆ "ಪ್ರೊಫೇಸ್ 1" ಎಂದಷ್ಟೇ ಬರೆದು ಬಿಡಬೇಡಿ. ಕೋಶದ ಹೆಸರು, ಎಣಿಸಿದ ಜೋಡಿಗಳು, ಪರಾಗಕೋಶದ ಬಣ್ಣ, ಮೊಗ್ಗಿನ ಉದ್ದ ಇಷ್ಟೂ ಬರೆಯಿರಿ: "ಈರುಳ್ಳಿಯ ಪರಾಗ ಮಾತೃಕೋಶ, ಡಯಾಕೈನೆಸಿಸ್, 8 ಜೋಡಿ, ನೀರುಬಣ್ಣ, 3 ಮಿ.ಮೀ." ಮುಂದಿನ ಸಲ ಅದೇ ತಳಿಯ ಮೊಗ್ಗು ಕೈಗೆ ಬಂದಾಗ ಆ ಒಂದು ಸಾಲು ನಿಮ್ಮನ್ನು ನೇರ ಆ ಕೋಶದ ಬಳಿಗೆ ಕರೆದೊಯ್ಯುತ್ತದೆ.